ಹಳದಿ ಕೈಯ ಪಂಜರದಲ್ಲಿ ಶಿವ್ಯಾ

ಮಿಮಿಕ್ರಿ ಮಾಡುವವನ ಮಾತನ್ನು ಯಾರು ನಂಬುತ್ತಾರೆ? ನನ್ನ ಅವ್ವನೇ ನಂಬುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಇದರಲ್ಲಿ ಒಂದಕ್ಷರವೂ ನನ್ನ ಕಲೆಯಲ್ಲ...

ಬಳ್ಳಾರಿಯ ನಮ್ಮ ಕಾಲೇಜಿನ ರೋಬೋಟ್ ಲ್ಯಾಬ್ ಥೇಟ್ ಫ್ಯಾಕ್ಟರಿ. ಕಬ್ಬಿಣದ ಜಾಲರಿಯ ಪಂಜರ, ಅದರೊಳಗೆ ಆಳೆತ್ತರದ ಹಳದಿ ಯಂತ್ರದ ಕೈ. ಚೀಲ ಎತ್ತಿ ಜೋಡಿಸುವುದನ್ನು ನಾವು ಅದಕ್ಕೆ ಕಲಿಸಬೇಕು. ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ರಾತ್ರಿ ಹತ್ತಕ್ಕೆ ಉಳಿದವರು ಇಬ್ಬರೇ, ನಾನು ಮತ್ತು ಕುರುಗೋಡಿನ ಶಿವ್ಯಾ. ಕಲಿಸುವ ಹನುಮಂತಪ್ಪ ಸರ್ ಸಂಜೆಯೇ ಸಿರುಗುಪ್ಪದ ಬಸ್ಸು ಹತ್ತಿದ್ದರು.

ಅವರು ಹೋದ ಮೇಲೆ ನಾನೇ ಹನುಮಂತಪ್ಪ ಸರ್. "ಏ ಶಿವಾನಂದ, ನೆಟ್ಟಗ ನಿಂದ್ರು," ಎಂದು ಮೂಗಿನಲ್ಲಿ ಗದರಿದರೆ ಶಿವ್ಯಾ ಪ್ರತಿ ಸಲವೂ ಹೇಳಿದಂತೆ ಮಾಡಿಬಿಡುತ್ತಿದ್ದ.

"ನಿನ್ನ ಬಾಯಿಗೆ ಬೀಗ ಹಾಕಾಕ ಯಾರೂ ಇಲ್ಲೇನಲೇ," ಎಂದು ಬೈದು, ಚೀಲ ಸರಿಪಡಿಸಲು ಪಂಜರದೊಳಗೆ ಹೋಗಿ ಕುಳಿತ.

ಯಂತ್ರ ನಡೆಸುವ ಪೆಂಡೆಂಟ್, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ನನ್ನ ಹತ್ತಿರ. ಅದರ ಗುಂಡಿ ಒತ್ತಿ ಹಿಡಿದರೆ ಮಾತ್ರ ಕೈ ಅಲುಗಬೇಕು. ನಾನು ಗುಂಡಿ ಬಿಟ್ಟಿದ್ದೆ.

ಗುಂಯ್...

ಬಿಸಿ ಗ್ರೀಸಿನ ವಾಸನೆ. ಕೈ ತಿರುಗುತ್ತಿತ್ತು, ಶಿವ್ಯಾನ ತಲೆಯ ಕಡೆಗೆ. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿಯನ್ನು ಗುದ್ದಿದೆ. ನಿಲ್ಲಲಿಲ್ಲ.

"ಶಿವ್ಯಾ, ಹೊರಗ ಬಾಲೇ, ಖರೇನ ಬರಾಕತ್ತೈತಿ..."

ಅವನು ತಿರುಗಲೂ ಇಲ್ಲ. "ಇದ್ಯಾರ ದನಿಲೇ? ಅಂಜುಬುರುಕನ್ನ ಚಲೋ ಮಾಡ್ತಿ."

ಅದು ನನ್ನದೇ ದನಿ.

ಮತ್ತೆ ಕೂಗಲು ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಉಸಿರೂ ಹೊರಡಲಿಲ್ಲ...

"ಶಿವಾನಂದ. ತಲಿ ಬಗ್ಗಸು."

ಸರ್ ದನಿ. ನನ್ನ ಬೆನ್ನ ಹಿಂದೆ, ಕಿವಿಗೆ ಬಿಸಿಯುಸಿರು ತಾಗುವಷ್ಟು ಹತ್ತಿರ.

ಶಿವ್ಯಾ ಬಗ್ಗಿದ. ಕೈ ಅವನ ಕೂದಲು ಸವರಿಕೊಂಡು ಹೋಗಿ ಕಂಬಕ್ಕೆ ಬಡಿಯಿತು. ಪಂಜರವೆಲ್ಲ ಝಣಗುಟ್ಟಿತು. ಹಿಂತಿರುಗಿ ನೋಡಿದೆ. ಯಾರೂ ಇಲ್ಲ. ಬಾಗಿಲಿಗೆ ನಾವೇ ಹಾಕಿದ್ದ ಒಳಚಿಲಕ ಹಾಗೆಯೇ ಇತ್ತು.

ಶಿವ್ಯಾ ಹೊರಬಂದು ನನ್ನನ್ನು ತಬ್ಬಿಕೊಂಡ. "ಜೀವ ಉಳಿಸಿದಿಲೇ ದೋಸ್ತ. ನೀ ಸರ್ ದನಿ ತೆಗದಿದ್ದಕ್ಕ ಬಗ್ಗಿದೆ."

ನನ್ನ ಬಾಯಿಂದ ಸದ್ದೇ ಹೊರಟಿಲ್ಲ ಎಂದರೆ ಇವತ್ತಿಗೂ ನಗುತ್ತಾನೆ.

ಬೆಳಿಗ್ಗೆ ಸರ್ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಪಿಸುಮಾತಿನಲ್ಲಿ ಅಂದರು, "ಉಂಡು ಮಲಗಿದ್ದಷ್ಟ ನೋಡಪಾ... ಎದ್ರ ದನಿನ ಇಲ್ಲ."

ವಾರದಲ್ಲಿ ಅವರ ದನಿ ಮರಳಿತು. ಹಾಸ್ಟೆಲಿನ ಹುಡುಗರು ಈಗಲೂ "ಸರ್ ಮಾಡಲೇ" ಎಂದು ಪೀಡಿಸುತ್ತಾರೆ. ಗಂಟಲು ನೋವು ಎಂದು ಜಾರಿಕೊಳ್ಳುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ, ಬೆನ್ನ ಹಿಂದಿನಿಂದ ಕಿವಿಗೆ ಆ ಬಿಸಿಯುಸಿರು ತಾಗುತ್ತದೆ...