ಸಿಂಹಕ್ಕೆಂದು ಉಳಿಸಿದ ಫೋಟೊ

ಆ ಕಾಲದ ನಾರೋಕ್ ಪೇಟೆಯಲ್ಲಿ ಮದುವೆಯಾದವರು, ಮಗು ಹೆತ್ತವರು, ಗುರುತಿನ ಚೀಟಿ ಬೇಕಾದವರು ಎಲ್ಲರೂ ಒಂದಲ್ಲ ಒಂದು ದಿನ ಕಿಲೊಂಜೊನ ಫೋಟೊ ಸ್ಟುಡಿಯೊದಲ್ಲಿ ಕೂತವರೇ. ದನ ಮಾರಿ ಬಂದ ಮಾಸಾಯಿ ಕುಲದ ಯಜಮಾನರು ಕೆಂಪು ಹೊದಿಕೆ ಸರಿಮಾಡಿಕೊಂಡು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದರು. ಕಿಲೊಂಜೊ ಅವಸರದ ಮನುಷ್ಯನಲ್ಲ. ಎದುರಿನವರ ಕಣ್ಣು ತನ್ನತ್ತ ತಿರುಗುವ ತನಕ ಬಟನ್ ಒತ್ತುತ್ತಿರಲಿಲ್ಲ. ಮಕ್ಕಳು ಅತ್ತಿತ್ತ ನೋಡಿದರೆ ಬೀಗದ ಕೈ ಗೊಂಚಲನ್ನು ಝಣಝಣ ಆಡಿಸುವನು.

ಹೀಗಿರುವಾಗ ಎದುರು ಸಾಲಿನಲ್ಲಿ ಗಚಾಂಜ ಎಂಬವನು ಹೊಸ ಸ್ಟುಡಿಯೊ ತೆರೆದ. ಹಿಂದಿನ ಪರದೆಗೆ ಸಿಂಹ ಬರೆಸಿದ. ಬೆಕ್ಕಿಗೆ ಗಡ್ಡ ಬಂದಂಥ ಸಿಂಹ. ಆದರೂ ಜನ ಅದರ ಪಕ್ಕ ಎದೆಯುಬ್ಬಿಸಿ ನಿಲ್ಲಲು ಸಾಲುಗಟ್ಟಿದರು. ಕಿಲೊಂಜೊನ ಬಾಗಿಲಿಗೆ ನೊಣವೂ ಬರದಾಯಿತು. ನಿಜವಾದ ಸಿಂಹದ ಫೋಟೊ ತೆಗೆದು ಕಿಟಕಿಯಲ್ಲಿ ತೂಗುಹಾಕಬೇಕು, ಇಲ್ಲವೇ ಅಂಗಡಿ ಮುಚ್ಚಿ ಊರು ಬಿಡಬೇಕು, ಅಲ್ಲಿಗೆ ಬಂತು.

ಆಗೆಲ್ಲ ಕ್ಯಾಮೆರಾದ ಫಿಲ್ಮ್ ರೋಲು ಪೂರ್ತಿ ಮುಗಿದ ಮೇಲೆಯೇ ತೊಳೆಯಲು ಬಸ್ಸಿನಲ್ಲಿ ನೈರೋಬಿಗೆ ಕಳಿಸುವುದು. ಹೊಸ ರೋಲೂ ಅಲ್ಲಿಂದಲೇ ಬರಬೇಕು. ಕಿಲೊಂಜೊ ರೋಲಿನ ಕೊನೆಯ ಫೋಟೊ ಒಂದನ್ನು ಸಿಂಹಕ್ಕೆಂದು ಉಳಿಸಿಕೊಂಡು ಕೂತ.

"ಮುತಾಮನಪ್ಪ, ಆ ರೋಲಲ್ಲಿ ಒಬ್ಳು ಮದುಮಗಳು ಸಿಕ್ಕಿಹಾಕ್ಕೊಂಡಿದಾಳೆ. ಫೋಟೊ ಕೈಗೆ ಬರೋ ಹೊತ್ತಿಗೆ ಬಸುರಿ ಆಗಿರ್ತಾಳೆ" ಎಂದಳು ಹೆಂಡತಿ ಸ್ಯೊಂಬುವ. ಮಗನ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು.

"ಆಗ್ಲಿ ಬಿಡು. ಮಗು ಫೋಟೊನೂ ನನ್ ಹತ್ರಾನೇ ತೆಗೆಸ್ತಾಳೆ."

"ಗಚಾಂಜನ ಸಿಂಹದ ಪಕ್ಕ ತೆಗೆಸ್ತಾಳೆ, ನೋಡ್ತಿರು!"

ಪಕ್ಕದ ಮನೆಯ ಸಂಕಾಲೆ ಪ್ರವಾಸಿಗರಿಗೆ ವ್ಯಾನು ಓಡಿಸುವವನು. ಒಂದು ದಿನ ಮಾರಾ ಕಾಡಿನ ವಸತಿಗೃಹದಿಂದ ಜನರನ್ನು ಕರೆತರಲು ಖಾಲಿ ವ್ಯಾನು ಹೊರಟಿತ್ತು. ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡ. ಸ್ಯೊಂಬುವ ಬೇಯಿಸಿದ ಜೋಳ, ಕಾಳು ಡಬ್ಬಿಗೆ ತುಂಬಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಹೊತ್ತು ಇಳಿಯುವಾಗ ಸಿಂಹ ಸಿಕ್ಕಿತು. ಜಾಲಿಮರದ ನೆರಳಲ್ಲಿ ಇವರಿಗೆ ಬೆನ್ನು ಹಾಕಿ ಮಲಗಿತ್ತು.

"ಒತ್ತು ಅಣ್ಣ, ಒತ್ತು" ಎಂದು ಸಂಕಾಲೆ ಪಿಸುಗುಟ್ಟಿದ.

"ಮೊಗಾನೇ ಕಾಣ್ತಿಲ್ವಲ್ಲೋ."

"ಅದೇನು ಗುರುತಿನ ಚೀಟಿ ಮಾಡಿಸೋಕೆ ಬಂದಿದೆಯಾ?"

ಕಿಲೊಂಜೊ ಜೇಬಿನಿಂದ ಬೀಗದ ಕೈ ತೆಗೆದು ಝಣಝಣ ಆಡಿಸಿದ. ಸಂಕಾಲೆ ಅವನ ಮುಂಗೈ ಹಿಡಿದುಕೊಂಡ. "ಕಾವಲಿನೋರು ಕೇಳಿಸ್ಕೊಂಡ್ರೆ ನನ್ ಲೈಸೆನ್ಸು ಹೋಗುತ್ತೆ ಮಾರಾಯ!"

ಸಿಂಹ ತಲೆಯೆತ್ತಿತು. ಮೆಲ್ಲಗೆ ಇತ್ತ ತಿರುಗಿತು. ಆದರೆ ಅದು ನೋಡಿದ್ದು ಕಿಲೊಂಜೊನನ್ನಲ್ಲ, ಹಿಂದಿನ ಸೀಟಿನ ಕಿಟಕಿಯನ್ನು. ಅಲ್ಲೇನಿದೆ ಎಂದು ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಅವನೂ ಹಿಂದೆ ತಿರುಗಿದ. ಸ್ಯೊಂಬುವಳ ಕೈತುತ್ತು ಬಾಯಿಯ ಹತ್ತಿರ ನಿಂತುಬಿಟ್ಟಿತ್ತು. ಕಣ್ಣಲ್ಲಿ ಹೆದರಿಕೆ, ಹೆದರಿಕೆಯ ಕೆಳಗೆ ಏನೋ ಒಂದು ಹುಡುಗಾಟದ ಖುಷಿ. ಪೇಟೆಯ ಮೊಗಗಳನ್ನೆಲ್ಲ ನೋಡಿದ ಮನುಷ್ಯ ಇದೊಂದನ್ನು ನೋಡಿರಲಿಲ್ಲ. ಬೆರಳು ತಾನಾಗಿ ಒತ್ತಿತು.

ಸಿಂಹ ಎದ್ದು, ಬಾಲ ಬೀಸಿ, ಹುಲ್ಲಿನೊಳಗೆ ಹೋಯಿತು.

"ಪುಣ್ಯಾತ್ಮ, ಸಿಂಹ ಅಲ್ಲಿ, ಕ್ಯಾಮೆರಾ ಇಲ್ಲಿ!" ಸಂಕಾಲೆ ಹಣೆ ಚಚ್ಚಿಕೊಂಡ.

"ನನ್ ಮೋರೆ ಇಟ್ಕೊಂಡು ಹೊಟ್ಟೆ ಹೊರೀತೀಯಾ?" ಎಂದು ಸ್ಯೊಂಬುವ ದಾರಿಯುದ್ದಕ್ಕೂ ಬೈದಳು.

ನೈರೋಬಿಯಿಂದ ಬಂದ ಆ ಫೋಟೊವನ್ನೇ ಕಿಲೊಂಜೊ ದೊಡ್ಡದು ಮಾಡಿಸಿ ಕಿಟಕಿಯಲ್ಲಿ ತೂಗುಹಾಕಿದ. ದಾರಿಹೋಕರು ನಿಲ್ಲತೊಡಗಿದರು. "ಈಯಮ್ಮ ಏನ್ ನೋಡ್ತಿದಾಳೆ?"

"ಸಿಂಹ" ಎನ್ನುವನು ಒಳಗಿನಿಂದ.

"ಎಲ್ಲಿದೆ?"

"ಅವಳ ಮೊಗದಲ್ಲಿ ಹುಡುಕು."

ಹುಡುಕುತ್ತ ನಿಂತವರಲ್ಲಿ ಕೆಲವರು ಒಳಗೆ ಬಂದರು. ಸಿಂಹದ ಪಕ್ಕ ನಿಲ್ಲಬೇಕೆಂಬ ಹುಡುಗರು ಗಚಾಂಜನ ಬಳಿಗೇ ಹೋದರು; ತಾಯಿಯ ಮೊಗ, ಹೆಂಡತಿಯ ಮೊಗ ಬೇಕೆಂದವರು ಕಿಲೊಂಜೊನ ಬಳಿ ಉಳಿದರು. ಊರು ಬಿಡುವ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

"ಇಳಿಸೋ ಅದನ್ನ, ಬಾಯಿ ತೆರ್ಕೊಂಡು ಕೂತಿದೀನಿ" ಎಂದು ಸ್ಯೊಂಬುವ ಬದುಕಿರುವಷ್ಟು ದಿನವೂ ಗೊಣಗಿದಳು. ಅವಳು ಹೋದ ಮೇಲೆ, ಬೆಳಿಗ್ಗೆ ಕಿಟಕಿಯ ಗಾಜು ಒರೆಸುವುದಕ್ಕೆ ಕಿಲೊಂಜೊನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು.