ರುದ್ರಪ್ಪ ಮೇಷ್ಟ್ರ ಯೋಚನೆ

ಹೋದ ತಿಂಗಳು ತಿಪಟೂರಿಗೆ ಒಂದು ಮದುವೆಗೆ ಹೋಗಿದ್ದೆ. ಮನೆಯ ಮುಂದೆ ಹಸಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಈಗೆಲ್ಲ ಬಣ್ಣದ ಶಾಮಿಯಾನ. ಗರಿ ಹೆಣೆಯುವವರು ಸಿಕ್ಕಿದ್ದೇ ಹೆಚ್ಚು. ಒಳಗೆ ಕಾಲಿಟ್ಟೊಡನೆ ಹಸಿ ಗರಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದರಿಂದ ಹಳೆಯ ಮದುವೆಗಳು ನೆನಪಾಗುತ್ತವೇನೋ. ನನಗೆ ನೆನಪಾಗುವುದು ಕಕ್ಕಸು. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಂದಿಕೆರೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹಿಂದಿ ಟೀಚರು; ಇಡೀ ಶಾಲೆಗೆ ನಾನೊಬ್ಬಳೇ ಹೆಂಗಸು. ಶಾಲೆಗೆ ಕಕ್ಕಸಿರಲಿಲ್ಲ. ಗಂಡಸರು ತೋಟದ ಬೇಲಿ ದಾಟಿ ಹೋಗಿಬರುತ್ತಿದ್ದರು. ನಾನು ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ರೂಢಿಸಿಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಹುಡುಗಿಯರು ಹಿಂದಿರುಗುತ್ತಲೇ ಇರಲಿಲ್ಲ. "ಹೆಣ್ಮಕ್ಳಿಗೆ ಓದು ಅಂದ್ರೆ ಅಷ್ಟಕ್ಕಷ್ಟೆ" ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಕೊನೆಗೆ ಹೇಳಿದ್ದು ಗಣಿತದ ರುದ್ರಪ್ಪ ಮೇಷ್ಟ್ರಿಗೆ. ಇಬ್ಬರೂ ಚಿಕ್ಕನಾಯಕನಹಳ್ಳಿಯಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಒಳ್ಳೆಯ ಮನುಷ್ಯ, ಕರ್ಚೀಫು ಹಾಕಿ ನನಗೊಂದು ಸೀಟು ಹಿಡಿದಿಡುತ್ತಿದ್ದರು. ಒಂದು ಸಂಜೆ ಬಸ್ಸಿಗೆ ಕಾಯುತ್ತ, ಅವರ ಮುಖ ನೋಡದೆ, ರಸ್ತೆಗೆ ಹೇಳುವಂತೆ ಹೇಳಿದೆ: "ಶಾಲೆ ಹಿಂದೆ ಒಂದು ಗುಂಡಿ ತೋಡ್ಸಿ, ಸುತ್ತ ಗರಿ ತಡಿಕೆ ಕಟ್ಟಿಸಿದ್ರೆ ಸಾಕು ಮೇಷ್ಟ್ರೇ. ಗರಿಗೇನು, ಎಲ್ಲರ ತೋಟದಲ್ಲೂ ಬಿದ್ದಿರತ್ತೆ. ಹುಡುಗೀರು ನಿಲ್ತಾರೆ."

"ಹೌದಲ್ಲ ಕಣಮ್ಮ, ನಮ್ಗೆ ಹೊಳೀಲೇ ಇಲ್ಲ" ಎಂದರು.

ಮುಂದಿನ ಮೀಟಿಂಗಿನಲ್ಲಿ ಮೇಷ್ಟ್ರು ಎದ್ದು ನಿಂತರು. "ನಂಗೊಂದು ಯೋಚ್ನೆ ಬಂದದೆ ಸಾರ್." ಗುಂಡಿ, ತಡಿಕೆ, ತೋಟದ ಗರಿ, ಎಲ್ಲ ನಾನು ಹೇಳಿದ ಕ್ರಮದಲ್ಲೇ ಬಂತು. "ಹುಡುಗೀರು ನಿಲ್ತಾರೆ" ಎಂಬುದನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರು ಭೇಷ್ ಎಂದವರು ನನ್ನ ಕಡೆ ತಿರುಗಿದರು. "ಏನಮ್ಮಾ, ಗಂಡಸ್ರಿಗೆ ಹೊಳೀತು. ನೀವಾದ್ರೂ ಒಂದು ಮಾತು ಹೇಳಬಾರದಾಗಿತ್ತಾ?"

ಎಲ್ಲರೂ ನನ್ನನ್ನು ನೋಡಿದರು. ನನ್ನದು ಎನ್ನಬೇಕಾದರೆ, ಬಸ್‌ಸ್ಟಾಪಿನಲ್ಲಿ ಪರಗಂಡಸಿನ ಜೊತೆ ಇಂಥ ಮಾತಾಡಿದೆ ಎಂದು ಒಪ್ಪಿಕೊಳ್ಳಬೇಕು. ಸಂಜೆಯೊಳಗೆ ಅದು ನಮ್ಮ ಅತ್ತೆಯವರ ಕಿವಿಗೂ ಬೀಳುತ್ತದೆ. ನಾನು ಸೆರಗು ಸರಿಮಾಡಿಕೊಂಡು ನಕ್ಕೆ. "ನಂಗೆ ಗೊತ್ತಾಗ್ಲಿಲ್ಲ ಸಾರ್" ಎಂದೆ.

ಆ ನಗುವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತಡಿಕೆ ಎದ್ದಿತು. ಮಧ್ಯಾಹ್ನದ ಮೇಲೂ ಹುಡುಗಿಯರು ತರಗತಿಯಲ್ಲಿ ಉಳಿದರು. ಇನ್ಸ್‌ಪೆಕ್ಟರು ಶಾಲೆ ತಪಾಸಣೆಗೆ ಬಂದಾಗ ಮೇಷ್ಟ್ರಿಗೆ ಹಾರ ಹಾಕಿಸಿದರು, ಹಾಕಿದವಳು ನಾನೇ. ಅವತ್ತು ಸಂಜೆ ಧೈರ್ಯ ಮಾಡಿ, "ನನ್ನ ಹೆಸರು ಒಂದು ಮಾತು ಹೇಳಬಹುದಿತ್ತು ಮೇಷ್ಟ್ರೇ" ಎಂದೆ.

"ನಿಮ್ಮೆಸ್ರು ಯೋಳಿದ್ರೆ ನಾಚ್ಕೆ ಆಗ್ತಿದ್ದುದು ನಿಮ್ಗೇ ಕಣಮ್ಮ. ನಿಮ್ ಮರ್ಯಾದಿ ಉಳಿಸ್ದೆ ಅನ್ಕಳಿ, ಬುಡಿ."

ಅದರಲ್ಲಿ ಅರ್ಧ ನಿಜವಿತ್ತು. ಆ ಅರ್ಧವೇ ನನ್ನ ಬಾಯಿ ಕಟ್ಟಿತು. ಮರುದಿನದಿಂದ ಅವರು ಹಿಡಿದ ಸೀಟಿನಲ್ಲಿ ಕೂರುವುದನ್ನು ಬಿಟ್ಟೆ. ನಾನು ಮಾಡಿದ ಪ್ರತಿಭಟನೆ ಅಷ್ಟೇ. ಬಸ್ಸಿನಲ್ಲಿ ನಿಂತು ನಿಂತು ನೋವು ತಿಂದದ್ದು ನನ್ನ ಕಾಲು. ವರ್ಷದೊಳಗೆ ಅವರಿಗೆ ತಿಪಟೂರಿಗೆ ವರ್ಗವಾಯಿತು.

ಹೋದ ತಿಂಗಳಿನದು ಅವರ ಮೊಮ್ಮಗಳ ಮದುವೆ. ಊಟಕ್ಕೆ ಮೇಷ್ಟ್ರು ನನ್ನ ಪಕ್ಕದಲ್ಲೇ ಕೂತು, ಆಚೆಗಿದ್ದ ಬೀಗರಿಗೆ ಪರಿಚಯ ಮಾಡಿಸಿದರು. "ಇವ್ರು ನಮ್ ಹಿಂದಿ ಮೇಡಮ್ಮೋರು. ಆ ಕಾಲ್ದಾಗೆ ಹೆಣ್ಮಕ್ಳಿಗೆ ಕಕ್ಕಸು ಬೇಕು ಅಂತ ಮೊದ್ಲು ಯೋಳ್ದೋನು ನಾನು ಕಣ್ರೀ. ಬೇಕಾದ್ರೆ ಇವ್ರನ್ನೇ ಕೇಳಿ."

"ಇಲ್ಲ ಮೇಷ್ಟ್ರೇ, ಅದನ್ನ ಹೇಳಿದ್ದು ನಾನು. ಬಸ್ಸಿಗೆ ಕಾಯ್ತಾ ಇದ್ದಾಗ, ನಿಮಗೆ."

ನಾನು ಎಣಿಸಿದ್ದಕ್ಕಿಂತ ದನಿ ದೊಡ್ಡದಾಯಿತು. ಬೀಗರು ಎಲೆಯ ಕಡೆ ನೋಡತೊಡಗಿದರು. ಮೇಷ್ಟ್ರ ಕೈ ಅನ್ನದ ಮೇಲೆ ನಿಂತಿತು. "ಹಂಗಾ" ಎಂದರು. "ನಂದೇ ಅನ್ಕಂಡಿದ್ದೆ ಕಣಮ್ಮ, ಇಷ್ಟ್ ವರ್ಷ."

ಅವರು ನಟಿಸುತ್ತಿರಲಿಲ್ಲ. ಆ ಮುಖ ಹೀಗೆ ಸಣ್ಣದಾಗುವುದನ್ನು ನೋಡಬೇಕೆಂದು ಎಷ್ಟೋ ಸಲ ಆಸೆಪಟ್ಟಿದ್ದೆ. ಕಣ್ಣೆದುರು ಬಂದಾಗ ನೋಡಲಾಗಲಿಲ್ಲ. ಮದುವೆಯ ದಿನ, ಬೀಗರ ಮುಂದೆ, ವಯಸ್ಸಾದ ಮನುಷ್ಯ. ಮತ್ತೆ ನಾಚಿಕೆಯಾಯಿತು. ಸುಮ್ಮನಿದ್ದು ಪಟ್ಟ ನಾಚಿಕೆಯೊಡನೆ ನಾನು ಬಹಳ ವರ್ಷ ಬಾಳಿದ್ದೇನೆ. ಮಾತಾಡಿ ಪಟ್ಟದ್ದು ಇದೇ ಮೊದಲು. ಆದರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಾಯಸದವರು ಎರಡನೆಯ ಸಲ ಬಂದರು. ಮೇಷ್ಟ್ರು ಬೇಡವೆಂದು ಕೈ ಅಡ್ಡ ಹಿಡಿದರು.

"ಹಾಕಿ, ಇಬ್ಬರಿಗೂ" ಎಂದೆ.