ವಾರ್ಡಿನಲ್ಲಿ ಉಡಿ ತುಂಬಿದ್ದು

ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ನಾನು ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿದ್ದೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನೋವೂ ತಡೆದುಕೊಳ್ಳುವಷ್ಟೇ ಇತ್ತು. ತಡೆದುಕೊಳ್ಳಲು ಆಗದೆ ಹೋದದ್ದು ಹಾಸಿಗೆಯ ಚಾದರ. ಕಾಲ ಕಡೆಯ ಮೂಲೆಯನ್ನು ಯಾರೋ ಪುಣ್ಯಾತ್ಮರು ಹೇಗೆಂದರೆ ಹಾಗೆ ಗಾದಿಯ ಕೆಳಗೆ ತುರುಕಿಬಿಟ್ಟಿದ್ದರು. ನಮ್ಮ ಕಾಲದಲ್ಲಿ ಆ ಮೂಲೆಯನ್ನು ಲಕೋಟೆಯ ಹಾಗೆ ಓರೆಯಾಗಿ ಮಡಿಸದಿದ್ದರೆ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಬೇಕಾಗಿತ್ತು. ನಾನು ಮೂರು ಸಲ ಅದನ್ನೇ ಗೊಣಗಿದ ಮೇಲೆ ನನ್ನ ಸೊಸೆ, "ಅತ್ತೀ, ಚಾದರ ಹಾಳಾಗಿ ಹೋಗ್ಲಿ, ನೀವು ಸುಮ್ಮನ ಮಲಕೊಳ್ರಿ" ಎಂದಳು. ಜೀವಮಾನವೆಲ್ಲ ನರ್ಸಾಗಿದ್ದವಳು ರೋಗಿಯಾದರೆ ಅವಳಷ್ಟು ಕಾಟದ ರೋಗಿ ಬೇರೆ ಇರಲಿಕ್ಕಿಲ್ಲ.

ಆ ವಕ್ರ ಮೂಲೆಯನ್ನೇ ನೋಡುತ್ತ ಮಲಗಿದವಳಿಗೆ ನಾನು ಕೆಲಸ ಕಲಿತ ಆಸ್ಪತ್ರೆ ನೆನಪಾಯಿತು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದ ಕಾಲ. ನಮ್ಮ ವಿಜಾಪುರವೂ ಆಗ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಹಾಗಾಗಿ ಹಳ್ಳಿಯ ಸಾಲಿ ಮಾಸ್ತರರಾಗಿದ್ದ ನನ್ನ ಅಪ್ಪ, ಮಗಳನ್ನು ಪರದೇಶಕ್ಕೇನೂ ಕಳಿಸುತ್ತಿಲ್ಲ, ಸ್ವಂತ ರಾಜ್ಯದ ರಾಜಧಾನಿಗೇ ಕಳಿಸುತ್ತಿದ್ದೇನೆ ಎಂದು ಮನೆಯವರೆದುರು ವಾದ ಮಾಡಿ ಗೆದ್ದಿದ್ದರು. ಗೆದ್ದ ಮೇಲೆ ಒಬ್ಬರೇ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡರಂತೆ. ಅವ್ವ ಹೇಳಿದ್ದು, ಅಪ್ಪ ಕೊನೆಯವರೆಗೂ ಒಪ್ಪಲಿಲ್ಲ.

ಆಸ್ಪತ್ರೆ ಗಿರಣಿಗಳ ನಡುವೆ ಇತ್ತು. ಅಲ್ಲಿನ ಮೇಟ್ರನ್ ಇಂಗ್ಲಿಷ್ ಹೆಂಗಸು, ತನ್ನವರೆಲ್ಲ ಹಡಗು ಹತ್ತಿ ಹೋದ ಮೇಲೂ ಉಳಿದುಕೊಂಡವರು. ದಿಂಬಿನ ಗವಸಿನ ಬಾಯಿ ಬಾಗಿಲ ಕಡೆಗೆ ಇರಬಾರದು, ಮಂಚದ ಗಾಲಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರಬೇಕು, ರೋಗಿಗಳು ಸಾಧ್ಯವಾದಷ್ಟು ನೇರವಾಗಿ ಮಲಗಿರಬೇಕು ಎಂಬುದು ಅವರ ಶಿಸ್ತು. ಅವರು ರೌಂಡಿಗೆ ಬಂದಾಗ ನರಳುವವರು ಕೂಡ ಸ್ವಲ್ಪ ಅಚ್ಚುಕಟ್ಟಾಗಿ ನರಳುತ್ತಿದ್ದರು.

ನಮ್ಮ ಪುಸ್ತಕದಲ್ಲಿ ನಾಡಿ, ಜ್ವರ, ಬ್ಯಾಂಡೇಜು ಎಲ್ಲ ಇತ್ತು. ಆದರೆ ಥರ್ಮಾಮೀಟರ್ ಬಾಯಲ್ಲಿಟ್ಟ ಕೂಡಲೇ ಕಡಲೆಯಂತೆ ಕಡಿಯುವವನನ್ನು ಏನು ಮಾಡಬೇಕು, ರೋಗಿಯನ್ನು ನೋಡಲು ಇಡೀ ಚಾಳಿನ ಜನವೇ ಬಂದು ಮಂಚದ ಮೇಲೆ ಕೂತರೆ ಯಾರನ್ನು ಮೊದಲು ಎಬ್ಬಿಸಬೇಕು, ಹೆಣ್ಣುಮಗಳ ಕೈಯಿಂದ ಮೈ ಒರೆಸಿಕೊಳ್ಳಲು ಒಲ್ಲೆ ಎನ್ನುವ ಪೈಲವಾನನನ್ನು ಹೇಗೆ ಒಲಿಸಬೇಕು, ಇದು ಯಾವ ಪುಟದಲ್ಲೂ ಇರಲಿಲ್ಲ. ಗಂಡಸರ ವಾರ್ಡುಗಳು ಎರಡು, ಅವಕ್ಕೆ ಒಬ್ಬ ವಾರ್ಡ್‌ಬಾಯ್ ಇದ್ದ. ಬಾಯ್ ಎಂದರೆ ಅರವತ್ತು ದಾಟಿದ ಮುದುಕ. ಎರಡು ವಾರ್ಡಿಗೂ ಅವನೊಬ್ಬನೇ, ಮತ್ತು ನಮಗೆ ಬೇಕಾದಾಗಲೆಲ್ಲ ಅವನು ಆ ಇನ್ನೊಂದು ವಾರ್ಡಿನಲ್ಲಿ ಇರುತ್ತಿದ್ದ. ಹೀಗಾಗಿ ಬೆಡ್‌ಪ್ಯಾನಿನ ಕೆಲಸ ಹೆಚ್ಚಾಗಿ ನಮ್ಮಂಥ ಕಲಿಯುವ ಹುಡುಗಿಯರ ಪಾಲಿಗೇ ಬರುತ್ತಿತ್ತು.

ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಸೆರಾಫಿನ್, ಮಂಗಳೂರಿನವರು. ಮೈ ತುಂಬಿದ ಹೆಂಗಸು, ಆದರೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಹಿಂದೆ ನಿಂತಿರುತ್ತಿದ್ದರು. ನಾನು ಕನ್ನಡದವಳೆಂದು ತಿಳಿದ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡು, ಪೇಶಂಟ್ ಹತ್ರ ಹೆಸರು ಕೇಳು, ನೋವು ಎಲ್ಲಿ ಕೇಳು, ಹೊಟ್ಟೆಗೆ ಎಂತ ಹೋಯ್ತು ಕೇಳು. ಊರು ಮಾತ್ರ ಕೇಳ್ಬೇಡ. ಗೊತ್ತಾಯ್ತಾ?"

ಇವರದು ಕಲ್ಲುಮನಸ್ಸು ಎಂದುಕೊಂಡೆ. ಮುಂಬಯಿಯಲ್ಲಿ ಊರು ಕೇಳದೆ ಮನುಷ್ಯ ಬದುಕುವುದಾದರೂ ಹೇಗೆ?

ಕೆಲವು ವಾರ ತಡೆದುಕೊಂಡೆ. ಆಮೇಲೆ ನಿಂಗಪ್ಪ ಬಂದ. ಗಿರಣಿಯಲ್ಲಿ ಹತ್ತಿಯ ಗಂಟು ಎತ್ತಿ ಎತ್ತಿ ಹರ್ನಿಯಾ ಮಾಡಿಕೊಂಡಿದ್ದ ಕಟ್ಟುಮಸ್ತಿನ ಆಳು. ಆಪರೇಷನ್ ಆಗಿ ಮಂಪರಿನಲ್ಲಿದ್ದಾಗ, "ಯವ್ವಾ, ಸಾಯ್ತೇನಬೇ" ಎಂದು ನರಳಿದ. ನಮ್ಮ ಕಡೆಯ ಆ "ಬೇ" ಕಿವಿಗೆ ಬಿದ್ದದ್ದೇ ತಡ, ಸಿಸ್ಟರ್ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಅವನಿಗೆ ಎಚ್ಚರವಾಗುವುದನ್ನೇ ಕಾದಿದ್ದು, "ಯಾವ ಊರ್ರೀ ನಿಮ್ದು?" ಎಂದೆ. ಅವನು ಹೇಳಿದ್ದು ನಮ್ಮೂರಿನ ಹೆಸರನ್ನೇ. ನಾನು ಯಾರ ಮಗಳೆಂದು ಹೇಳಿದೆ.

"ಮಾಸ್ತರ ಮಗಳೇನವಾ ನೀ? ದೊಡ್ಡಾಕಿಯೋ, ಸಣ್ಣಾಕಿಯೋ?"

"ನಡುವಿನಾಕಿ."

"ನಿಮ್ಮಪ್ಪನ ಕೈಯಾಗ ನಾ ಏಸು ಬೆತ್ತದೇಟು ತಿಂದೀನಿ ಗೊತ್ತೇನ! ದೇವರಂಥಾ ಮನಶ್ಯಾ" ಎಂದು ಅವನು ಕಣ್ಣು ತುಂಬಿಕೊಂಡ. ಆ ಹೊತ್ತಿನಲ್ಲಿ ನಮ್ಮಿಬ್ಬರ ನಾಡಿ ಎಣಿಸಿದ್ದರೆ ನನ್ನದೇ ಹೆಚ್ಚು ಓಡುತ್ತಿತ್ತೇನೋ.

ಮರುದಿನ ಭೇಟಿಯ ಹೊತ್ತಿಗೆ ಅವನ ಹೆಂಡತಿ ಗಂಗವ್ವ ಬಂದಳು. ಗಂಡನ ಗಾಯದ ಬಗ್ಗೆ ಒಂದು ಮಾತು ಕೇಳಿದಳು, ಉಳಿದದ್ದೆಲ್ಲ ನನ್ನ ಬಗ್ಗೆ. ಚೀಲದಿಂದ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಒಂದು ಕುಪ್ಪಸದ ಖಣ ಹೊರಗೆ ಬಂದವು. "ಸೆರಗು ಒಡ್ಡವಾ" ಎಂದಳು.

"ನನಗಿನ್ನೂ ಮದುವಿ ಆಗಿಲ್ರೀ."

"ಆಗದಿದ್ರ ಏನಾತು? ಊರ ಮಗಳು ಬರೇ ಉಡೀಲೆ ಹೋಗಬಾರದು."

ಸೆರಗು ಒಡ್ಡಲು ಸೆರಗೆಲ್ಲಿತ್ತು? ಮೈಮೇಲೆ ಬಿಳಿಯ ಗೌನು, ಅದರ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಏಪ್ರನ್. ಅದನ್ನೇ ಎರಡು ಕೈಯಲ್ಲಿ ಹಿಡಿದು ಒಡ್ಡಿದೆ. ಗಂಗವ್ವ ಭಕ್ತಿಯಿಂದ ಉಡಿ ತುಂಬಿದಳು. ಅಕ್ಕಪಕ್ಕದ ಮಂಚದ ಮರಾಠಿ ಗಂಡಸರು ತಲೆಯೆತ್ತಿ ನೋಡಿ ಮೆಚ್ಚಿಕೊಂಡರು. ಅಷ್ಟರಲ್ಲಿ ಮೇಟ್ರನ್ ಬಂದರು.

ಏಪ್ರನ್ನಿನ ತುಂಬ ಅಕ್ಕಿ, ಅದರ ಮೇಲೆ ಕಾಯಿ, ಹಣೆಯಲ್ಲಿ ಬೆರಳಗಲದ ಕುಂಕುಮ. ಬಿಟ್ಟರೆ ಅಕ್ಕಿ ನೆಲಕ್ಕೆ, ಬಿಡದಿದ್ದರೆ ನಾನು ಊರಿಗೆ. ಅದು ಏನೆಂದು ಮೇಟ್ರನ್ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಹಿಂದೆ ಯಾವಾಗಲೋ ಬಂದು ನಿಂತಿದ್ದ ಸಿಸ್ಟರ್ ಸೆರಾಫಿನ್ ರೆಪ್ಪೆ ಬಡಿಯದೆ, ಅದು ರೋಗಿಯ ಮನೆಯಿಂದ ಬಂದ ಪಥ್ಯ ಎಂದರು. ಮೇಟ್ರನ್ ತೆಂಗಿನಕಾಯಿಯನ್ನು ಬಹಳ ಹೊತ್ತು ನೋಡಿ, ಹೊಸದಾಗಿ ಹೊಲಿಗೆ ಹಾಕಿಸಿಕೊಂಡವನಿಗೆ ಇನ್ನೂ ಸ್ವಲ್ಪ ಮೆತ್ತಗಿನದು ಕೊಡುವುದು ಒಳ್ಳೆಯದು ಎಂದು ಹೇಳಿ ಮುಂದೆ ನಡೆದರು.

"ಎಂತ ಮಾರಾಯ್ತಿ, ನನ್ನ ವಾರ್ಡಿನಲ್ಲಿ ನಿಂಗೆ ಸೀಮಂತವಾ?" ಎಂದರು ಸಿಸ್ಟರ್. ಮತ್ತೆ ನಗು ನಿಲ್ಲಿಸಿ, "ಇನ್ನು ನೋಡು ಮಜ. ಅವನಿಗೆ ನೀನು ನರ್ಸ್ ಅಲ್ಲ" ಎಂದರು.

ಮಜ ಮಾರನೆಯ ಬೆಳಿಗ್ಗೆಯೇ ಸುರುವಾಯಿತು. ನೀರು ಕೊಟ್ಟರೆ ನಿಂಗಪ್ಪ, "ನೀರಡಿಕಿಲ್ಲವಾ" ಎಂದ. ಹಾಲು ಬೇಡ, ಗಂಜಿ ಬೇಡ. ಊರ ಹುಡುಗಿಗೆ ತ್ರಾಸು ಕೊಡಬಾರದೆಂಬ ಸಂಕೋಚ ಎಂದುಕೊಂಡು ನಾನು ಇನ್ನಷ್ಟು ಉಪಚಾರ ಮಾಡಿದೆ. ಅವನು ಇನ್ನಷ್ಟು ಒಲ್ಲೆ ಎಂದ. ನಾಲಿಗೆ ಒಣಗಿತು, ಜ್ವರ ಏರಿತು. ಡಾಕ್ಟರು ಬಂದು ಸಿಡುಕಿದರು. ಹೊಲಿಗೆ ಬಿಚ್ಚುವವರೆಗೆ ಇವನು ಎದ್ದು ಕೂರಲೂ ಕೂಡದು, ಎದ್ದು ಹೊಲಿಗೆ ಹರಿದರೆ ಕರುಳು ಮತ್ತೆ ಹೊರಗೆ ಬರುತ್ತದೆ, ಆಗ ಉಳಿಸುವುದು ತಮ್ಮ ಕೈಯಲ್ಲಿಲ್ಲ ಎಂದು ನನಗೇ ಹೇಳಿ ಹೋದರು.

ಅಂದು ಮಧ್ಯಾಹ್ನ ಸೂಜಿಗಳನ್ನು ಕುದಿಸಲು ಇಟ್ಟು ವಾರ್ಡಿಗೆ ಬರುತ್ತೇನೆ, ನಿಂಗಪ್ಪ ಮಂಚದ ಸರಳು ಹಿಡಿದು ಒಂದು ಕಾಲು ನೆಲಕ್ಕೆ ಊರಿದ್ದಾನೆ. ಇನ್ನೊಂದು ಕೈ ಗಾಯದ ಮೇಲೆ. ಮುಖದಲ್ಲಿ ರಕ್ತವಿಲ್ಲ. ಓಡಿಹೋಗಿ ಹಿಡಿದು ಮಲಗಿಸಿದೆ. ಪಟ್ಟಿ ನೋಡಿದೆ, ಪುಣ್ಯಕ್ಕೆ ಒದ್ದೆಯಾಗಿರಲಿಲ್ಲ.

"ಯಾಕ ಎದ್ರಿ? ನನ್ನ ಕರೀಬಾರದಾ?"

"ಹ್ಯಾಂಗ ಕರೀಲವಾ? ನೀ ಮಾಸ್ತರ ಮಗಳು. ಉಡಿ ತುಂಬೀವಿ ನಿನಗ. ಅದನ್ನ ತಾ ಅನ್ನಾಕ ನನ್ನ ನಾಲಿಗಿ ಹೊಳ್ಳೂದಿಲ್ಲ. ಹೊಲಿಗಿ ಹರದ್ರ ಹರೀಲಿ ಬಿಡು."

ಆಗ ನನಗೆ ತಿಳಿಯಿತು, ಅವನು ನೀರು ಬಿಟ್ಟದ್ದು ನನ್ನ ಹತ್ತಿರ ಬೆಡ್‌ಪ್ಯಾನ್ ಕೇಳುವುದನ್ನು ತಪ್ಪಿಸಲು ಎಂದು. ತಿಳಿದ ಕೂಡಲೇ ಬಂದದ್ದು ಕರುಣೆಯಲ್ಲ, ಸಿಟ್ಟು. ಪುಸ್ತಕದಲ್ಲಿ ಕಲಿತ ಮೃದು ಮಾತುಗಳೆಲ್ಲ ಎಲ್ಲಿ ಹೋದವೋ, ನನ್ನ ಬಾಯಿಂದ ಅವ್ವನ ದನಿ ಹೊರಟಿತು.

"ಉಡಿ ತುಂಬೀರಿ, ಹೌದಿಲ್ಲೋ? ಉಡಿ ತುಂಬಿದ ಮಗಳನ್ನ ಅಳಿಸಿ ಕಳಸ್ತಾರೇನ್ರಿ ನಮ್ಮೂರಾಗ? ನೀವು ಬಿದ್ರ ಆ ಮೇಟ್ರನ್ ಬಾಯಿ ಇವತ್ತ ನನ್ನ ಟ್ರಂಕ್ ಹೊರಗ ಇಡತಾಳ. ನಾ ಅಳಕೋತ ಹೋಗಿ ನಿಮ್ಮ ಮಾಸ್ತರ ಮುಂದ ನಿಂದರ್ತೀನಿ. ಏನಂತ ಹೇಳ್ಲಿ ಅವರಿಗೆ? ನಿಂಗಪ್ಪ ಕಳಿಸಿದಾ ಅಂತ ಹೇಳ್ಲೇನ?"

ನಿಂಗಪ್ಪ ಸೂರು ನೋಡುತ್ತ ಮಲಗಿದ. ಆಮೇಲೆ, "ತಾ" ಎಂದ. ನಾನು ತಿರುಗಿದಾಗ, "ಮಾಸ್ತರಗ ಹೇಳಬ್ಯಾಡ ಮತ್ತ" ಎಂದು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಸಿಸ್ಟರ್ ಸೆರಾಫಿನ್ ಬಟ್ಟೆಯ ಪರದೆಯನ್ನು ತಾವೇ ತಳ್ಳಿಕೊಂಡು ಬಂದು ಮಂಚದ ಸುತ್ತ ನಿಲ್ಲಿಸಿದರು. ಅಂದು ಸಂಜೆ ಅವನು ತುಂಬಿದ ತಂಬಿಗೆ ಖಾಲಿ ಮಾಡಿದ. ಜ್ವರ ಇಳಿಯಿತು, ಹೊಲಿಗೆ ಕೂಡಿತು, ಗಿರಣಿಗೆ ವಾಪಸು ಹೋದ.

ಈ ಕಥೆಯನ್ನು ಆಮೇಲೆ ನನ್ನ ಕೈಕೆಳಗೆ ಕಲಿತ ಎಲ್ಲ ಹುಡುಗಿಯರಿಗೂ ಹೇಳಿದ್ದೇನೆ. ರೋಗಿಯ ಊರು ಕೇಳಬೇಡಿ ಎಂಬ ಬುದ್ಧಿವಾದಕ್ಕೆ ಒಂದು ಉದಾಹರಣೆ, ಕೇಳಿದ ಮೇಲೂ ಹೇಗೆ ಪಾರಾಗಬೇಕು ಎಂಬ ಜಾಣತನಕ್ಕೆ ಇನ್ನೊಂದು. ಪ್ರತಿ ಸಲವೂ ಕಥೆಯಲ್ಲಿ ಜಾಣೆ ನಾನೇ. ನಿಂಗಪ್ಪನನ್ನು ಮಾತಿನಲ್ಲಿ ಹೇಗೆ ಸೋಲಿಸಿದೆ ಎಂದು ಹೇಳುವಾಗ ಹುಡುಗಿಯರು ನಗುತ್ತಿದ್ದರು. ನಾನಂತೂ ಅವರಿಗಿಂತ ಮೊದಲೇ ನಗುತ್ತಿದ್ದೆ.

ಸಾಂತಾಕ್ರೂಜಿನಲ್ಲಿ ಇದನ್ನೆಲ್ಲ ನೆನೆಯುತ್ತಿರುವಾಗ ಪಾಳಿ ಬದಲಾಗಿ ಹೊಸ ನರ್ಸ್ ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಸೊಸೆಯೊಡನೆ ನಾನು ಆಡುತ್ತಿದ್ದ ಮಾತು ಕೇಳಿ ಅವಳ ಮುಖ ಅರಳಿತು. "ಅಜ್ಜೀ, ನೀವು ಕನ್ನಡಾ? ನಮ್ಮ ಪಪ್ಪಾ ಭೀ ವಿಜಾಪುರ್ ಸೈಡ್! ನಿಮ್ದು ಯಾವ ಗಾವ್?" ನಾನು ಸಂತೋಷದಿಂದ ಹೇಳಿದೆ. ಅವಳು ನನ್ನ ಕೆನ್ನೆ ಸವರಿ, ಇನ್ನು ನೀವು ನಮ್ಮ ಸ್ವಂತ ಅಜ್ಜಿ ಎಂದಳು. ಮಧ್ಯಾಹ್ನ ಸೊಸೆ ಮನೆಗೆ ಹೋದ ಮೇಲೆ ಅವಳು ನೀರಿನ ಗ್ಲಾಸು ತಂದು ತುಟಿಗೆ ಹಿಡಿದಳು.

"ನೀರಡಿಕಿಲ್ಲವಾ" ಎಂದೆ.

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಗಂಟಲು ಒಣಗಿತ್ತು. ಬೆಳಗಿನಿಂದ ತಡೆದುಕೊಂಡಿದ್ದೆ, ಸೊಸೆಗೂ ಹೇಳಿರಲಿಲ್ಲ. ಈ ಮಗುವಿಗೆ, ನಮ್ಮ ಕಡೆಯ ಮಗುವಿಗೆ, ಹೇಗೆ ಹೇಳುವುದು? ಜನ್ಮವೆಲ್ಲ ಆ ಪಾತ್ರೆಯನ್ನು ಬೇರೆಯವರಿಗೆ ಕೊಟ್ಟ ಕೈ ನನ್ನದು, ಒಮ್ಮೆ ಬೇಡಲು ಬಾಯಿ ಬರಲಿಲ್ಲ. ಆ ಮಧ್ಯಾಹ್ನ ನಿಂಗಪ್ಪ ನನ್ನ ಜಾಣತನಕ್ಕೆ ಸೋತಿರಲಿಲ್ಲ. ಸಾಯಲು ತಯಾರಾಗಿದ್ದ ಮನುಷ್ಯ ನಾನು ಅಳಬಾರದೆಂದು ತನ್ನ ಮಾನವನ್ನು ನುಂಗಿದ್ದ. ಅದನ್ನು ನಾನು ಇಷ್ಟು ವರ್ಷ ನಗೆಯ ಕಥೆ ಮಾಡಿ ಹೇಳಿದೆ.

"ಕೊಡಿಲ್ಲಿ" ಎಂದು ಗ್ಲಾಸು ತೆಗೆದುಕೊಂಡು ತಳ ಕಾಣುವವರೆಗೆ ಕುಡಿದೆ. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು, ಬೇಕಾದದ್ದನ್ನು ಕೇಳಿದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಅವಳು ಕಿವಿಯನ್ನು ಬಾಯಿಯ ಹತ್ತಿರ ತಂದು, "ಕ್ಯಾ, ಅಜ್ಜೀ?" ಎಂದಳು.

ಇನ್ನೊಮ್ಮೆ ಹೇಳಿದೆ, ಪಕ್ಕದ ಮಂಚದವರಿಗೂ ಕೇಳುವ ಹಾಗೆ.